ಮರದ ಗೋಡೆಯೊಳಗೆ ಏನು ತುಂಬಬೇಕು: ಮೂಡಿಗೆರೆ ಸೀಮೆಯ ಒಂದು ಮನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಮೂಡಿಗೆರೆ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವ ಒಂದು ಕಾಫಿ ತೋಟದಲ್ಲಿ ಕಟ್ಟಿದ ಮರದ ಚೌಕಟ್ಟಿನ ಮನೆಯ ವಿವರ ಇದು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಊರಿನ ಹೆಸರನ್ನು ಬಿಟ್ಟಿದ್ದೇನೆ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಈ ಕೆಲಸಕ್ಕೆ ಸಲಹೆಗಾರ ಎಂಜಿನಿಯರ್ ಆಗಿದ್ದವನು ನಾನು. ಮೊದಲ ತಪ್ಪು ನಿರ್ಧಾರದ ನಕ್ಷೆಗೆ ಸಹಿ ಹಾಕಿದವನೂ ನಾನೇ. ಅದೇ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದು ಎಂಬುದೇ ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ.

ಮನೆಯ ಯಜಮಾನರಿಗೆ ಆಗ ಅರವತ್ತೈದು ದಾಟಿತ್ತು, ಉಬ್ಬಸದ ತೊಂದರೆಯೂ ಇತ್ತು. ತಲೆಮಾರುಗಳಿಂದ ವಾಸವಿದ್ದ ಹಳೆಯ ಹೆಂಚಿನ ಮನೆಯ ಹಿಂಬದಿಯ ದರೆ ಒಂದು ಮಳೆಗಾಲದಲ್ಲಿ ಜರಿದು, ಅಡುಗೆಮನೆಯ ಗೋಡೆಯವರೆಗೂ ಮಣ್ಣು ಬಂದು ನಿಂತಿತ್ತು. ಹೊಸ ಮನೆಯನ್ನು ಅದೇ ತೋಟದ ಎತ್ತರದ, ದರೆಯಿಂದ ದೂರದ ಜಾಗದಲ್ಲಿ ಕಟ್ಟುವುದೆಂದು ನಿರ್ಧಾರವಾಯಿತು. ಆದರೆ ಅಲ್ಲಿಗೆ ಹೋಗುವ ದಾರಿ ಕಡಿದಾದ ಮಣ್ಣಿನ ದಾರಿ. ಇಟ್ಟಿಗೆ, ಎಂ-ಸ್ಯಾಂಡ್, ಜಲ್ಲಿ ತುಂಬಿದ ಲಾರಿ ಹತ್ತುವಂತಿರಲಿಲ್ಲ, ಹತ್ತಿಸಲು ದಾರಿ ಅಗಲ ಮಾಡಹೊರಟರೆ ಮತ್ತೊಂದು ದರೆಯನ್ನು ಕಡಿಯಬೇಕಾಗುತ್ತಿತ್ತು. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಧಾರಾಳವಾಗಿತ್ತು. ಕೆಲವು ವರ್ಷ ಕೆನಡಾದಲ್ಲಿದ್ದು ಮರಳಿದ್ದ ಮಗಳು, ಅಲ್ಲಿ ತಾನು ವಾಸವಿದ್ದಂಥ ಹಗುರವಾದ ಮರದ ಚೌಕಟ್ಟಿನ ಮನೆಯನ್ನೇ ಇಲ್ಲಿಯೂ ಕಟ್ಟಬಹುದಲ್ಲವೇ ಎಂದು ಕೇಳಿದರು. ಜಾಗವನ್ನು ನೋಡಿದ ಮೇಲೆ ನನಗೂ ಅದು ಸರಿಯೆನಿಸಿತು, ಈಗಲೂ ಆ ಮೂಲ ನಿರ್ಧಾರ ಸರಿಯೆಂದೇ ನಂಬಿದ್ದೇನೆ.

ಸುಮಾರು 1,200 ಚದರ ಅಡಿಯ ಒಂದಂತಸ್ತಿನ ಮನೆ. ಎರಡೂವರೆ ಅಡಿ ಎತ್ತರದ ಕಲ್ಲಿನ ಪಂಚಾಂಗ. ಅದರ ಮೇಲೆ 100 ಮಿ.ಮೀ. ಅಗಲ, 50 ಮಿ.ಮೀ. ದಪ್ಪದ ನಿಲುವು ಪಟ್ಟಿಗಳು, 600 ಮಿ.ಮೀ.ಗೆ ಒಂದರಂತೆ; ಹೊರಗೆ ಸಿಮೆಂಟ್ ಬೋರ್ಡ್, ಒಳಗೆ ಪ್ಲೈವುಡ್. ಈ ಎರಡರ ನಡುವೆ ಉಳಿಯುವ ನಾಲ್ಕು ಇಂಚಿನ ಪೊಳ್ಳಿನಲ್ಲಿ ಏನು ತುಂಬಬೇಕು ಎಂಬುದು ಆರಂಭದಲ್ಲಿ ನಮಗೆ ದೊಡ್ಡ ಪ್ರಶ್ನೆಯಾಗಿಯೇ ಕಾಣಲಿಲ್ಲ.

ಮೊದಲ ಕೋಣೆ

ಮಗಳು ತಂದಿದ್ದ ನಕ್ಷೆಗಳಲ್ಲಿ ಉತ್ತರ ಸಿದ್ಧವಾಗಿತ್ತು. ಪೊಳ್ಳಿನ ಪೂರ್ತಿ ಗಾಜಿನ ಎಳೆಗಳ ಹಾಸಾದ ಗ್ಲಾಸ್‌ವೂಲ್ ತುಂಬಿ, ಅದರ ಒಳಮೈಗೆ ಪಾಲಿಥೀನ್ ಹಾಳೆ ಹೊದಿಸಿ, ಮೇಲೆ ಪ್ಲೈವುಡ್ ಹೊಡೆಯುವುದು. ಆ ದೇಶದ ಮಟ್ಟಿಗೆ ಇದಕ್ಕೆ ಗಟ್ಟಿಯಾದ ಕಾರಣವಿದೆ. ಅಲ್ಲಿ ಚಳಿಗಾಲದಲ್ಲಿ ಮನೆಯ ಒಳಗೆ 20 ಡಿಗ್ರಿ, ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ಅಡುಗೆ, ಸ್ನಾನ, ಉಸಿರಾಟದಿಂದ ಹುಟ್ಟಿದ ಆವಿ ಬೆಚ್ಚಗಿನ ಒಳಗಿನಿಂದ ತಣ್ಣಗಿನ ಹೊರಗಿನತ್ತ ಸಾಗುವಾಗ ಗೋಡೆಯ ನಡುವೆ ಎಲ್ಲೋ ತಂಪಾಗಿ ನೀರಾಗುತ್ತದೆ. ಅದನ್ನು ಹೊರಡುವ ಕಡೆಯಲ್ಲೇ ತಡೆಯಲು ಒಳಬದಿಯ ಹಾಳೆ ಬೇಕಾಗುತ್ತದೆ. ನಾನು ಆ ಕಾರಣವನ್ನು ಓದಿಕೊಂಡಿದ್ದೆ. ಆದರೆ ಅದು ಮೂಡಿಗೆರೆಗೆ ಅನ್ವಯಿಸುತ್ತದೆಯೇ ಎಂದು ಲೆಕ್ಕ ಹಾಕಿ ನೋಡಲಿಲ್ಲ.

ಕಾಫಿ ಕೊಯ್ಲು ಮುಗಿದು ಆಳುಗಳು ಸಿಗುವ ಹೊತ್ತಿಗೆ ಮಾರ್ಚ್ ಬಂದಿತ್ತು. ಇಡೀ ಮನೆಯನ್ನು ಮಳೆಗೆ ಮೊದಲು ಮುಗಿಸುವಂತಿರಲಿಲ್ಲವಾದ್ದರಿಂದ, ಪಶ್ಚಿಮದ ತುದಿಗೆ ಬರುವ 12 ಅಡಿ, 14 ಅಡಿಯ ಒಂದು ಕೋಣೆಯನ್ನು ಮಾತ್ರ ಪೂರ್ತಿ ಕಟ್ಟಿ, ಯಜಮಾನರು ಆ ಮಳೆಗಾಲವನ್ನು ಅಲ್ಲಿ ಕಳೆಯುವುದೆಂದಾಯಿತು. ಹಾಗೆ ಒಂದೇ ಕೋಣೆಗೆ ನಿಂತದ್ದು ಯೋಜನೆಯಿಂದಲ್ಲ, ಆಳುಗಳ ಅಭಾವದಿಂದ. ಆದರೂ ಉಳಿದ ಮನೆಯನ್ನು ಕಾಪಾಡಿದ್ದು ಅದೇ.

ಹಲಗೆ ಕೊಯ್ಯುವಾಗ ಹಿರಿಯ ಬಡಗಿ ಒಂದು ಮಾತು ಹೇಳಿದ್ದರು. “ಸಾರ್, ಈ ಮರ ಕಡಿದು ಎರಡು ತಿಂಗಳು ತುಂಬಿಲ್ಲ. ಕೈ ಇಟ್ಟರೆ ತಣ್ಣಗೆ ಹತ್ತುತ್ತದೆ. ಒಂದು ಬೇಸಿಗೆ ಅಟ್ಟಿ ಹಾಕಿ ಒಣಗಿಸೋದು ಒಳ್ಳೇದು.” ಯಜಮಾನರಿಗೂ ಅದೇ ಅಭಿಪ್ರಾಯವಿತ್ತು. ಗೋಡೆಯೊಳಗೆ ಸೇರಿದ ಮೇಲೆ ಹೇಗೂ ಒಣಗುತ್ತದೆ ಎಂದು ಇಬ್ಬರಿಗೂ ಉತ್ತರ ಕೊಟ್ಟವನು ನಾನು. ಒಂದು ಬದಿ ಪಾಲಿಥೀನ್, ಇನ್ನೊಂದು ಬದಿ ಬಣ್ಣ ಬಳಿದ ಸಿಮೆಂಟ್ ಬೋರ್ಡ್ ಇರುವ ಗೋಡೆಯೊಳಗೆ ಮರ ಯಾವ ಕಡೆಯಿಂದ ಒಣಗಬೇಕಿತ್ತು ಎಂದು ಆಗ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಸಮಸ್ಯೆ

ಪುನರ್ವಸು ಮಳೆ ಹಿಡಿದ ಮೇಲೆ ಕೋಣೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಜುಲೈ ಕೊನೆಯ ವಾರದಲ್ಲಿ ಯಜಮಾನರು ಅಲ್ಲಿ ಮಲಗುವುದನ್ನು ಬಿಟ್ಟು ಹಳೆಯ ಮನೆಯ ಜಗಲಿಯ ಕೋಣೆಗೆ ಮರಳಿದರು. ಪಶ್ಚಿಮದ ಗೋಡೆಯ ಪ್ಲೈವುಡ್ ಮೇಲೆ, ನೆಲದಿಂದ ಒಂದು ಗೇಣು ಎತ್ತರದವರೆಗೆ, ಕಾಫಿ ಚೆಲ್ಲಿದಂತಹ ಕಂದು ಕಲೆ ಎದ್ದಿತ್ತು.

ಆಗಸ್ಟ್ ಮೊದಲ ವಾರದಲ್ಲಿ ಕಿಟಕಿಯ ಬಲಬದಿಯ ಒಂದು ಪ್ಲೈವುಡ್ ಹಾಳೆಯನ್ನು ಬಿಚ್ಚಿಸಿದೆ. ಹಾಳೆ ಸಡಿಲವಾಗುತ್ತಿದ್ದಂತೆ ಪಾಲಿಥೀನಿನ ಹಿಂಬದಿಯಲ್ಲಿ ನೀರಿನ ಹನಿಗಳು ಸಾಲುಗಟ್ಟಿ ನಿಂತದ್ದು ಕಂಡಿತು. ಬೆರಳಿನಿಂದ ತಟ್ಟಿದಾಗ ಹನಿಗಳು ಒಂದಕ್ಕೊಂದು ಕೂಡಿಕೊಂಡು ಕೆಳಗಿಳಿದು ತಳದ ಅಡ್ಡಪಟ್ಟಿಯ ಮೇಲೆ ಬಿದ್ದವು. ಗ್ಲಾಸ್‌ವೂಲ್ ನೀರು ಕುಡಿದು, ತನ್ನ ಭಾರಕ್ಕೆ ಕುಸಿದು, ಮೇಲ್ಗಡೆ ನಾಲ್ಕು ಬೆರಳಿನಷ್ಟು ಖಾಲಿ ಬಿಟ್ಟಿತ್ತು. ತಳಪಟ್ಟಿಯ ಮೇಲೆ ಕಪ್ಪು ಬೂಷ್ಟು. ಬಡಗಿ ಉಳಿಯ ಮೂತಿಯನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿದರು. ಸುತ್ತಿಗೆ ಬೇಕಾಗಲಿಲ್ಲ, ಉಳಿ ಕಾಲಿಂಚು ಇಳಿಯಿತು. ತೇವಾಂಶ ಮಾಪಕ ಅಲ್ಲಿ ಶೇ. 29 ತೋರಿಸಿತು.

ಆ ಸಂಖ್ಯೆಯ ಅರ್ಥವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ನಿರ್ಧಾರಗಳೂ ಅದರ ಮೇಲೆಯೇ ನಿಂತಿವೆ. ಮರದ ತೇವಾಂಶ ಶೇ. 20ರ ಒಳಗಿದ್ದರೆ ಅದು ಕೊಳೆಯುವುದಿಲ್ಲ ಎಂಬುದು ಕಟ್ಟಡದ ಕೆಲಸದಲ್ಲಿ ಎಲ್ಲೆಡೆ ಒಪ್ಪಿದ ಮಿತಿ, ಶೇ. 28–30ರ ಆಸುಪಾಸಿಗೆ ತಲುಪಿ ಅಲ್ಲೇ ನಿಂತರೆ ಕೊಳೆಸುವ ಶಿಲೀಂಧ್ರಗಳು ಕೆಲಸ ಶುರುಮಾಡುತ್ತವೆ. ಇನ್ನೊಂದೆಡೆ, ಮರ ತನ್ನ ಸುತ್ತಲಿನ ಗಾಳಿಗೆ ಹೊಂದಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ. 60 ಇರುವ ದಿನಗಳಲ್ಲಿ ಅದು ಶೇ. 11ರ ಹತ್ತಿರ ನಿಲ್ಲುತ್ತದೆ, ಆರ್ದ್ರತೆ ಶೇ. 80 ಆದರೆ ಮರ ಶೇ. 16ಕ್ಕೆ, ಶೇ. 90 ಆದರೆ ಶೇ. 20ಕ್ಕೆ ಏರುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಗಾಳಿ ವಾರಗಟ್ಟಲೆ ಶೇ. 90ರ ಮೇಲಿರುತ್ತದೆ. ಅಂದರೆ ಒಂದು ಹನಿ ಮಳೆಯೂ ಸೋಕದ, ಚೆನ್ನಾಗಿ ಒಣಗಿದ ಮರವೂ ಇಲ್ಲಿ ಆ ತಿಂಗಳು ಅಪಾಯದ ಗೆರೆಯ ಮೇಲೆಯೇ ನಿಂತಿರುತ್ತದೆ. ಅದರ ಮೇಲೆ ಸ್ವಲ್ಪ ನೀರು ಸೇರಿದರೂ ಗೆರೆ ದಾಟುತ್ತದೆ. ಬಯಲುಸೀಮೆಯಲ್ಲಿ ಇರುವ ಅವಕಾಶ ಇಲ್ಲಿ ಇಲ್ಲ.

ಹಾಗಾಗಿ ನಾನು ಕೇಳಬೇಕಿದ್ದ ಪ್ರಶ್ನೆಯೇ ಬೇರೆಯಾಗಿತ್ತು. ಯಾವ ವಸ್ತು ಹೆಚ್ಚು ಶಾಖ ತಡೆಯುತ್ತದೆ ಎಂಬುದನ್ನು ಅಂಗಡಿಯ ಕೈಪಿಡಿಯೇ ಹೇಳುತ್ತದೆ. ಒದ್ದೆಯಾದ ಗೋಡೆ ಎಷ್ಟು ದಿನಕ್ಕೆ ಒಣಗುತ್ತದೆ, ಆ ವಸ್ತು ಅದಕ್ಕೆ ದಾರಿ ಕೊಡುತ್ತದೆಯೇ, ಅಡ್ಡ ನಿಲ್ಲುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ಸೋಗೆ ತಟ್ಟಿಯಿಂದ ಗೊತ್ತಾದದ್ದು

ನೀರು ಒಳಗಿನ ಆವಿಯಿಂದ ಬಂತೋ ಹೊರಗಿನ ಮಳೆಯಿಂದ ಬಂತೋ ಎಂಬುದರಲ್ಲಿ ನಮಗೆ ಒಮ್ಮತವಿರಲಿಲ್ಲ. ಮಗಳು ಹಾಳೆಯ ಜೋಡಣೆಯಲ್ಲಿ ಎಲ್ಲೋ ಸೀಳಿರಬೇಕು, ಒಳಗಿನ ಆವಿ ನುಗ್ಗಿದೆ ಎಂದರು. ನಾನೂ ಅತ್ತ ವಾಲಿದ್ದೆ. ಹಸಿ ಮರದ ನೀರೇ ಇದು ಎಂದು ಬಡಗಿ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು. ಆದರೆ ಯಾವುದು ದೊಡ್ಡದು ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ.

ಪಶ್ಚಿಮದ ಗೋಡೆಯ ಉತ್ತರದ ಅರ್ಧದಲ್ಲಿ ಪ್ಲೈವುಡ್, ಪಾಲಿಥೀನ್, ಒದ್ದೆ ಗ್ಲಾಸ್‌ವೂಲ್ ಎಲ್ಲವನ್ನೂ ತೆಗೆಸಿ ತೆರೆದಿಡಲು ಹೇಳಿ ನಾನು ಚಿಕ್ಕಮಗಳೂರಿಗೆ ಮರಳಿದೆ. ದಕ್ಷಿಣದ ಅರ್ಧದಲ್ಲಿ ಗೋಡೆಗೇ ಕೂರಿಸಿದ ಬೀರು ಇದ್ದುದರಿಂದ ಅದನ್ನು ಹಾಗೆಯೇ ಬಿಡಬೇಕಾಯಿತು. ನಾನು ಹೋದ ಮೇಲೆ ತೋಟದ ಆಳುಗಳು ತಾವಾಗಿಯೇ ಇನ್ನೊಂದು ಕೆಲಸ ಮಾಡಿದ್ದರು. ದಕ್ಷಿಣದ ಅರ್ಧದ ಹೊರಮೈಯಲ್ಲಿ ವಿದ್ಯುತ್ ಮೀಟರ್ ಇತ್ತು; ಅದಕ್ಕೆ ಎರಚಲು ಹೊಡೆಯುತ್ತಿದೆಯೆಂದು, ಸೂರಿನಿಂದ ನೆಲದವರೆಗೆ ಅಡಿಕೆ ಸೋಗೆಯ ತಟ್ಟಿಯೊಂದನ್ನು, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ಕಟ್ಟಿದ್ದರು. ಹಳೆಯ ಮನೆಯ ಜಗಲಿಗೆ ಪ್ರತಿ ವರ್ಷ ಆರಿದ್ರೆಗೆ ಮೊದಲು ಕಟ್ಟುತ್ತಿದ್ದಂಥದ್ದೇ ತಟ್ಟಿ ಅದು.

ಯಜಮಾನರಿಗೆ ನಲವತ್ತು ವರ್ಷಗಳಿಂದ ದಿನದ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಬರೆದಿಡುವ ಅಭ್ಯಾಸ. ಬೆಳಗ್ಗೆ ಮಳೆಮಾಪಕ ನೋಡಿ ಬಂದವರು, ಅದೇ ಪುಸ್ತಕದ ಬಲಬದಿಯ ಅಂಚಿನಲ್ಲಿ ಗೋಡೆಯ ಎರಡೂ ಭಾಗಗಳ ತೇವಾಂಶವನ್ನೂ ಬರೆಯತೊಡಗಿದರು. ಮೂರು ವಾರಗಳ ನಂತರ ನಾನು ಮತ್ತೆ ಹೋದಾಗ ಆ ಪುಟ ನನ್ನ ಮುಂದಿಟ್ಟು, “ನೀವು ಬಿಚ್ಚಿಸಿದ ಕಡೆ ಒಣಗಲಿಲ್ಲ, ಬಿಚ್ಚದ ಕಡೆ ಒಣಗುತ್ತಾ ಇದೆ, ಇದು ಹೇಗೆ?” ಎಂದು ಕೇಳಿದರು.

ಉತ್ತರದ ಅರ್ಧದಲ್ಲಿ, ಒಳಬದಿ ಪೂರ್ತಿ ತೆರೆದಿದ್ದರೂ, ತಳಪಟ್ಟಿ ಎರಡು ದಿನ ಶೇ. 25ಕ್ಕೆ ಇಳಿದು, ಮೂರು ಇಂಚು ಮಳೆ ಸುರಿದ ಮರುದಿನ ಮತ್ತೆ 28ಕ್ಕೆ ಏರಿತ್ತು. ಹೀಗೆಯೇ ಮೂರು ಸಲ. ದಕ್ಷಿಣದ ಅರ್ಧದಲ್ಲಿ ಪಾಲಿಥೀನ್ ಹಾಗೆಯೇ ಇದ್ದರೂ 29ರಿಂದ 23ಕ್ಕೆ, ನಿಧಾನವಾಗಿ ಆದರೆ ಒಮ್ಮೆಯೂ ಏರದೆ ಇಳಿದಿತ್ತು. ದಕ್ಷಿಣದ ಕಡೆ ಹೆಚ್ಚಾಗಿ ಇದ್ದದ್ದು ಒಂದು ಸೋಗೆ ತಟ್ಟಿ ಮಾತ್ರ. ಆ ಪುಟ ನೋಡಿದ ಮೇಲೆ ನಮ್ಮ ವಾದ ಮುಗಿಯಿತು. ನೀರಿನ ಮುಖ್ಯ ಮೂಲ ಪಡುವಣ ಗಾಳಿ ಹೊಡೆದು ತರುವ ಎರಚಲು. ಸಿಮೆಂಟ್ ಬೋರ್ಡನ್ನು ನಿಲುವು ಪಟ್ಟಿಗೆ ನೇರವಾಗಿ ಹೊಡೆದಿದ್ದೆವು. ಬೋರ್ಡಿನ ಕೂಡುಗಳು, ತಿರುಪಿನ ತೂತುಗಳು, ಕಿಟಕಿಯ ಕೆಳಮೂಲೆಗಳು ಇವೆಲ್ಲದರಿಂದ ನೀರು ನುಸುಳಿ, ಹೊರಹೋಗಲು ದಾರಿಯಿಲ್ಲದೆ ತಳಪಟ್ಟಿಯ ಮೇಲೆ ನಿಲ್ಲುತ್ತಿತ್ತು.

ಪಾಲಿಥೀನಿನ ಹಿಂದಿನ ಹನಿಗಳ ಕಥೆ ಇದರ ಮುಂದುವರಿಕೆ. ಮಳೆ ಬಿಟ್ಟು ಒಂದೆರಡು ಗಂಟೆ ಬಿಸಿಲು ಬಿದ್ದಾಗ ಒದ್ದೆಯಾದ ಹೊರಬೋರ್ಡ್ ಕಾಯುತ್ತದೆ. ಅದರ ನೀರು ಆವಿಯಾಗಿ, ಹೊರಗಿನಷ್ಟೇ ಒಳಕ್ಕೂ ಸಾಗುತ್ತದೆ. ಒಳಬದಿಯ ಪಾಲಿಥೀನ್ ಅದಕ್ಕಿಂತ ತಂಪಾಗಿರುವುದರಿಂದ ಅಲ್ಲಿ ಹನಿಗಟ್ಟುತ್ತದೆ. ಕೆನಡಾದ ಚಳಿಗಾಲದಲ್ಲಿ ಒಳಗಿನ ಆವಿಯನ್ನು ತಡೆಯುವ ಹಾಳೆ, ನಮ್ಮ ಮಳೆಗಾಲದಲ್ಲಿ ಹೊರಗಿನ ಆವಿಯನ್ನು ಗೋಡೆಯೊಳಗೇ ಹಿಡಿದಿಟ್ಟಿತು. ಒಳಗೂ ಹೊರಗೂ ಎರಡು ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲದ ಮಳೆಗಾಲದ ಹವೆಯಲ್ಲಿ ಅದು ತಡೆಯಬೇಕಾದ ಆವಿ ಒಳಬದಿಯಿಂದ ಹೊರಡುವುದೇ ತೀರ ಕಡಿಮೆ.

ಉಳಿದ ಮನೆಯ ಕೆಲಸವನ್ನು ಒಂದು ವರ್ಷ ಮುಂದೂಡಬೇಕೆಂದು ನಾನು ಆ ದಿನವೇ ಹೇಳಿದೆ. ಮಗಳಿಗೆ ಇದು ಸುಲಭವಾಗಿರಲಿಲ್ಲ. ದರೆ ಜರಿದ ಹಳೆಯ ಮನೆಯಲ್ಲಿ ಅಪ್ಪ ಅಮ್ಮ ಇನ್ನೊಂದು ಮಳೆಗಾಲ ಕಳೆಯಬೇಕಾಗಿತ್ತು. ಕೊನೆಗೆ ಇಬ್ಬರನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸನದ ನೆಂಟರ ಮನೆಯಲ್ಲಿರಿಸಿ, ಮಗಳು ತೋಟದಲ್ಲಿ ಉಳಿಯುವುದೆಂದಾಯಿತು.

ಏಳು ಅಂಕಣಗಳ ಪರೀಕ್ಷೆ

ಅಕ್ಟೋಬರಿನಲ್ಲಿ ಆ ಕೋಣೆಯ ಪಶ್ಚಿಮದ ಗೋಡೆಯನ್ನು ಪೂರ್ತಿ ಬಿಚ್ಚಿ, ಕೊಳೆತ ತಳಪಟ್ಟಿಯನ್ನು ತೆಗೆದು ಒಣಗಿದ ಹೊನ್ನೆ ಮರದ ಪಟ್ಟಿ ಕೂರಿಸಿದೆವು. ಹೊರಗೆ ಮೊದಲು ನೀರನ್ನು ತಡೆದು ಆವಿಯನ್ನು ಬಿಡುವ ಹಾಳೆ, ಅದರ ಮೇಲೆ ಪ್ರತಿ ನಿಲುವಿಗೂ 25 ಮಿ.ಮೀ.ನ ನೆಟ್ಟನೆಯ ರೀಪರ್ (ತೆಳು ಮರದ ಪಟ್ಟಿ), ಆ ರೀಪರ್‌ಗಳ ಮೇಲೆ ಸಿಮೆಂಟ್ ಬೋರ್ಡ್. ಬೋರ್ಡಿನ ಹಿಂದೆ ಕೆಳಗಿನಿಂದ ಮೇಲಿನವರೆಗೆ ಒಂದು ಇಂಚಿನ ಖಾಲಿ ಜಾಗ. ನುಸುಳಿದ ನೀರು ಇಳಿದುಹೋಗಲು ಕೆಳಗೆ ತೆರಪು, ಗಾಳಿ ಹೊರಡಲು ಸೂರಿನ ಕೆಳಗೆ ತೆರಪು. ಸೋಗೆ ತಟ್ಟಿ ಮಾಡಿದ ಕೆಲಸವನ್ನೇ ಗೋಡೆಯ ಭಾಗವಾಗಿ ಮಾಡಿದ್ದು ಇದು.

ನಿಲುವುಗಳ ನಡುವಿನ ಏಳು ಅಂಕಣಗಳಲ್ಲಿ ಬೇರೆ ಬೇರೆ ವಸ್ತು ತುಂಬಿದೆವು: ಎರಡರಲ್ಲಿ ಘನಮೀಟರಿಗೆ 48 ಕಿಲೋ ತೂಕದ, ಕಲ್ಲು ಕರಗಿಸಿ ಎಳೆದ ಎಳೆಗಳ ರಾಕ್‌ವೂಲ್ ಹಲಗೆ, ಎರಡರಲ್ಲಿ ಹಗುರದ ಗ್ಲಾಸ್‌ವೂಲ್, ಒಂದರಲ್ಲಿ ಥರ್ಮಾಕೋಲ್, ಒಂದರಲ್ಲಿ ಭತ್ತದ ಉಮಿ, ಇನ್ನೊಂದರಲ್ಲಿ ತೆಂಗಿನ ನಾರಿನ ಹಾಸು. ಕೊನೆಯ ಎರಡು ಯಜಮಾನರ ಆಸಕ್ತಿ. ಉಮಿಯಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಬೇಗ ಕೊಳೆಯುವುದಿಲ್ಲ ಎಂಬುದು ನಿಜ; ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ಸೀಮೆ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇರುವಾಗ ನಾರನ್ನು ಪರೀಕ್ಷಿಸದೆ ಬಿಡುವುದು ತಪ್ಪೆನಿಸಿತು. ಶಾಖ ತಡೆಯುವ ಗುಣದಲ್ಲಿ ಇವುಗಳ ನಡುವೆ ನಾವು ಹೆದರಿದಷ್ಟು ಅಂತರವಿಲ್ಲ. ಥರ್ಮಾಕೋಲ್, ಗ್ಲಾಸ್‌ವೂಲ್, ರಾಕ್‌ವೂಲ್ ಮೂರರ ಶಾಖವಾಹಕತೆಯೂ (W/m·K ಲೆಕ್ಕದಲ್ಲಿ; ಕಡಿಮೆಯಾದಷ್ಟೂ ಶಾಖ ಹೆಚ್ಚು ತಡೆಯುತ್ತದೆ) 0.033ರಿಂದ 0.044ರ ಒಳಗೆ, ನಾರು ಮತ್ತು ಉಮಿ ಅದಕ್ಕಿಂತ ತುಸು ಹೆಚ್ಚು. ಮರದ್ದೇ ಸುಮಾರು 0.13 ಇರುವಾಗ, ಈ ಚಿಕ್ಕ ವ್ಯತ್ಯಾಸಕ್ಕಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಕಾರಣವಿರಲಿಲ್ಲ.

ಮುಂದಿನ ಜುಲೈನಲ್ಲಿ, ಮಳೆ ಜೋರಾಗಿದ್ದ ಒಂದು ಭಾನುವಾರ, ಪ್ರತಿ ಅಂಕಣದ ಮೇಲ್ತುದಿಯಲ್ಲಿ ಕೊರೆದಿದ್ದ ತೂತಿಗೆ ಆಲಿಕೆ ಇಟ್ಟು ಅರ್ಧ ಲೀಟರ್ ನೀರನ್ನು ಸುರಿದೆವು. ಮಗಳು ಸ್ಟೀಲ್ ಚೊಂಬಿನಲ್ಲಿ ಅಳೆದು ಸುರಿಯುತ್ತಿದ್ದರೆ ಬಡಗಿ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು, ಯಾವ ಅಂಕಣದ ಕೆಳಗಿನ ತೆರಪಿನಿಂದ ಎಷ್ಟು ಹೊತ್ತಿಗೆ ನೀರು ಹೊರಬಂತೆಂದು ಕೂಗಿ ಹೇಳುತ್ತಿದ್ದರು. ಒಂದು ದಿನ ಯಾವುದೋ ಕಿಟಕಿಯ ಮೂಲೆ ಸೋರಿಯೇ ಸೋರುತ್ತದೆ ಎಂದು ಒಪ್ಪಿಕೊಂಡು, ಅಂದು ಗೋಡೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲೇ ನೋಡುವ ಪ್ರಯತ್ನ ಅದು. ಈ ಅಧ್ಯಯನದಲ್ಲಿ ಬೇರೆಯವರು ಅನುಸರಿಸಲಿ ಎಂದು ನಾನು ಬಯಸುವ ಕೆಲಸವೊಂದಿದ್ದರೆ ಇದೇ.

ರಾಕ್‌ವೂಲ್ ಹಲಗೆಯ ಮೈಗೆ ನೀರು ಅಂಟಲಿಲ್ಲ. ಬಹುಪಾಲು ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯಿತು, ತಳಪಟ್ಟಿ ಒಂಬತ್ತು ಹತ್ತು ದಿನಗಳಲ್ಲಿ ಹಿಂದಿನ ಮಟ್ಟಕ್ಕೆ ಮರಳಿತು. ಗ್ಲಾಸ್‌ವೂಲ್ ಒಣಗಿತು, ಆದರೆ ಒಂದು ಅಂಕಣದಲ್ಲಿ ಮತ್ತೆ ಕುಸಿಯಿತು. ದೋಷ ಗಾಜಿನ ಎಳೆಯದಲ್ಲ, ಕಡಿಮೆ ಸಾಂದ್ರತೆಯದು. ಉಮಿ ನೀರನ್ನು ಹೀರಿ ಹಿಡಿದುಕೊಂಡಿತು, ಸೆಪ್ಟೆಂಬರಿನ ಹೊತ್ತಿಗೆ ನಾಲ್ಕು ಇಂಚು ತಗ್ಗಿತ್ತು. ಅದನ್ನು ಗೋಡೆಗಿಂತ ಮಲಗಿದ ಜಾಗಕ್ಕೆ, ಅಂದರೆ ಅಟ್ಟದ ಮೇಲೆ ಹರಡಲು ಬಳಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ನಾರು ನಿರೀಕ್ಷೆಗಿಂತ ಚೆನ್ನಾಗಿ ನಡೆದುಕೊಂಡಿತು. ಮೂರು ವಾರ ತೆಗೆದುಕೊಂಡರೂ ಒಣಗಿತು, ಕೊಳೆಯಲಿಲ್ಲ. ಆದರೆ ತಂದ ಹಾಸುಗಳ ದಪ್ಪ ಒಂದೊಂದು ಕಡೆ ಒಂದೊಂದು ತೆರನಾಗಿತ್ತು, ಬೆಂಕಿಯ ಅಂಜಿಕೆಯೂ ಇತ್ತು. ಒಂದೇ ಸಮನಾದ ಹಲಗೆಯಾಗಿ, ಬೆಂಕಿ ಹಿಡಿಯದಂತೆ ಸಂಸ್ಕರಿಸಿದ್ದು ಸಿಕ್ಕಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ.

ಥರ್ಮಾಕೋಲಿನ ಅಂಕಣವನ್ನು ಬಿಚ್ಚಿದಾಗ ಕಂಡದ್ದು ಯಾರೂ ಎಣಿಸದ್ದು. ಥರ್ಮಾಕೋಲ್ ತಾನು ನೀರು ಕುಡಿದಿರಲಿಲ್ಲ. ಆದರೆ ಅದಕ್ಕೂ ನಿಲುವಿಗೂ ನಡುವಿನ ಕೂದಲೆಳೆಯ ಸಂದಿಯಲ್ಲಿ ಇಳಿದ ನೀರಿಗೆ ಗಾಳಿ ಸೋಕಲು ಅವಕಾಶವಿರಲಿಲ್ಲ. ಐದು ವಾರಗಳ ನಂತರವೂ ಅಲ್ಲಿ ಶೇ. 26. ಅಷ್ಟೇ ಅಲ್ಲದೆ ಇರುವೆಗಳು ಹಲಗೆಯ ಒಳಗೆಲ್ಲ ಸುರಂಗ ಕೊರೆದು ಮೊಟ್ಟೆ ಇಟ್ಟಿದ್ದವು. ಬಿಳಿಯ ಕಾಳುಗಳು ತಳಪಟ್ಟಿಯ ಮೇಲೆ ಒಂದು ಹಿಡಿಯಷ್ಟು ಉದುರಿದ್ದವು. ಗೆದ್ದಲು ಥರ್ಮಾಕೋಲನ್ನು ತಿನ್ನುವುದಿಲ್ಲ, ಆದರೆ ಅದೇ ರೀತಿ ಕೊರೆದು ಮರದವರೆಗೆ ಮರೆಯಾದ ದಾರಿ ಮಾಡಿಕೊಳ್ಳಬಲ್ಲದು. ಇದರ ಜೊತೆಗೆ, ಪಿವಿಸಿ ಹೊದಿಕೆಯ ವಿದ್ಯುತ್ ತಂತಿ ಥರ್ಮಾಕೋಲಿಗೆ ತಾಗಿ ವರ್ಷಗಟ್ಟಲೆ ಇದ್ದರೆ ತಂತಿಯ ಹೊದಿಕೆ ಮೆದುತನ ಕಳೆದುಕೊಂಡು ಪೆಡಸಾಗುತ್ತದೆ. ಬೆಂಕಿಯಲ್ಲಿ ದಟ್ಟ ಕಪ್ಪು ಹೊಗೆ ಬರುತ್ತದೆ. ಮರದ ನಿಲುವುಗಳ ನಡುವೆ ಅದನ್ನು ತುಂಬಬಾರದೆಂದು ಅಂದೇ ಬರೆದಿಟ್ಟೆ.

ಮಾಪಕದ ಸಂಖ್ಯೆಗಳನ್ನು ನಂಬುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಸೂಜಿ ಚುಚ್ಚಿ ಓದುವ ಮಾಪಕಗಳನ್ನು ಬೇರೆ ಜಾತಿಯ ಮರಗಳಿಗೆ ಹೊಂದಿಸಿರುತ್ತಾರೆ; ಬೋರಾನ್ ಲವಣದಿಂದ ಸಂಸ್ಕರಿಸಿದ ಮರದಲ್ಲಿ ಓದು ಹೆಚ್ಚಾಗಿಯೂ ಬರಬಹುದು. ಅದಕ್ಕಾಗಿ ತುಂಡುಗಳನ್ನು ಕತ್ತರಿಸಿ, ತೂಗಿ, 103 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ ಲೆಕ್ಕ ಹಾಕಿದೆವು. ನಮ್ಮ ಮಾಪಕ ಸಿಲ್ವರ್ ಓಕಿನಲ್ಲಿ ಒಂದರಿಂದ ಎರಡು ಅಂಶ ಹೆಚ್ಚು ತೋರಿಸುತ್ತಿತ್ತು. ಮೇಲಿನ ಸಂಖ್ಯೆಗಳೆಲ್ಲ ಮಾಪಕದಲ್ಲಿ ಕಂಡಂತೆಯೇ ಇವೆ.

ದಪ್ಪದ ಪ್ರಶ್ನೆ ಮತ್ತು ಅಂತಿಮ ನಿರ್ಧಾರ

ವಸ್ತು ತೀರ್ಮಾನವಾದ ಮೇಲೆ ದಪ್ಪದ ಬಗ್ಗೆ ಮಾತು ಬಂತು. ಪೊಳ್ಳು 100 ಮಿ.ಮೀ. ಇದೆ, ಪೂರ್ತಿ ತುಂಬೋಣ ಎಂಬುದು ಮಗಳ ಮಾತು. ಲೆಕ್ಕ ಬೇರೆಯೇ ಹೇಳಿತು. ಹೊರಗೋಡೆ ಸುಮಾರು 100 ಚದರ ಮೀಟರ್, ಜನವರಿಯ ರಾತ್ರಿ ಒಳಗೂ ಹೊರಗೂ 5 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಂಡರೆ, ಏನೂ ತುಂಬದ ಗೋಡೆಯಿಂದ ಹೊರಹೋಗುವ ಶಾಖ ಸುಮಾರು 1,050 ವ್ಯಾಟ್, 50 ಮಿ.ಮೀ. ರಾಕ್‌ವೂಲ್ ಇದ್ದರೆ 325 ವ್ಯಾಟ್, 100 ಮಿ.ಮೀ. ಇದ್ದರೆ 210 ವ್ಯಾಟ್. ಮೊದಲ ಎರಡು ಇಂಚು 700 ವ್ಯಾಟ್‌ಗೂ ಹೆಚ್ಚು ಉಳಿಸಿದರೆ, ಅಷ್ಟೇ ಖರ್ಚಿನ ಇನ್ನೆರಡು ಇಂಚು ಉಳಿಸುವುದು 115 ವ್ಯಾಟ್. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗಿರುವ ನಾಡಿನಲ್ಲಿ ಆ ಕೊನೆಯ ಉಳಿತಾಯಕ್ಕೂ ಬೆಲೆಯಿದೆ. ಇಲ್ಲಿ ಆ ಹಣಕ್ಕೆ ಬೇರೆ ಕಡೆ ಹೆಚ್ಚು ಕೆಲಸವಿತ್ತು.

ಆ ಕೆಲಸ ಇದ್ದದ್ದು ಸೂರಿನಲ್ಲಿ. ಉತ್ತರ ಅಕ್ಷಾಂಶ 13 ಡಿಗ್ರಿಯ ಈ ಪ್ರದೇಶದಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆಯೇ ಇರುತ್ತಾನೆ. ಬೇಸಿಗೆಯ ಬಿಸಿಲಿನ ಹೊಡೆತ ಗೋಡೆಗಿಂತ ಮಾಡಿಗೆ ಹೆಚ್ಚು. ವಾಸದ ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಮಾಡಿನ ಶಾಖ ಪ್ರಸರಣಕ್ಕೆ ದೇಶದ ಎಲ್ಲ ಹವಾಮಾನ ವಲಯಗಳಲ್ಲೂ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್ ಎಂಬ ಒಂದೇ ಮಿತಿ ಇಟ್ಟದ್ದನ್ನು ನೋಡಿದರೂ ಮಾಡಿನ ಮಹತ್ವ ತಿಳಿಯುತ್ತದೆ. ಗೋಡೆಯಲ್ಲಿ ಉಳಿದ ಹಣದಿಂದ ಹೆಂಚಿನ ಕೆಳಗೆ ಗಾಳಿಯಾಡುವ ತೆರಪು ಬಿಟ್ಟು, ಹಲಗೆಯ ಚಾವಣಿಯ ಮೇಲೆ 75 ಮಿ.ಮೀ. ರಾಕ್‌ವೂಲ್ ಹಾಸಿದೆವು. ಸೂರಿನ ಚಾಚನ್ನು ಎರಡೂವರೆ ಅಡಿಯಿಂದ ನಾಲ್ಕು ಅಡಿಗೆ ಹೆಚ್ಚಿಸಿದೆವು. ಗೋಡೆಯ ಆಯುಸ್ಸಿನ ಮಟ್ಟಿಗೆ ಈ ಒಂದೂವರೆ ಅಡಿ ಸೂರು, ಒಳಗೆ ತುಂಬಿದ ಯಾವ ವಸ್ತುವಿಗಿಂತಲೂ ದೊಡ್ಡದು ಎಂದು ನಾನು ತಿಳಿದಿದ್ದೇನೆ.

ಉಳಿದ ಮನೆಗೆ ಮರವನ್ನು ಒಂದು ಪೂರ್ತಿ ಬೇಸಿಗೆ ನೆರಳಿನಲ್ಲಿ ಅಟ್ಟಿ ಹಾಕಿ ಒಣಗಿಸಲಾಯಿತು. ಹಸಿಯಿದ್ದಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ಕೆಲವು ವಾರ ಮುಚ್ಚಿಟ್ಟು, ನಂತರ ಒಣಗಲು ಬಿಟ್ಟದ್ದು. ಶೇ. 15ರ ಮೇಲಿದ್ದ ಯಾವ ನಿಲುವನ್ನೂ ಬಡಗಿ ಗೋಡೆಗೆ ಬಿಡಲಿಲ್ಲ. ಈ ಸಲ ಮಾಪಕ ಅವರ ಜೇಬಿನಲ್ಲೇ ಇತ್ತು. ನಿಲುವುಗಳ ನಡುವಿನ ಅಂತರವನ್ನು ಹಲಗೆಯ 600 ಮಿ.ಮೀ. ಅಗಲಕ್ಕಿಂತ 10 ಮಿ.ಮೀ. ಕಡಿಮೆ ಇಟ್ಟದ್ದರಿಂದ ರಾಕ್‌ವೂಲ್ ಬಿಗಿಯಾಗಿ ಕಚ್ಚಿಕೊಂಡು ನಿಂತಿತು, ಕುಸಿಯುವ ಮಾತೇ ಬರಲಿಲ್ಲ. ಹೊರಬದಿಯ ನಿಲುವಿನ ಮುಖಕ್ಕೆ ಸಣ್ಣ ಕಣ್ಣಿನ ಜಿಐ ಜಾಲರಿ ಹೊಡೆದೆವು. ಅದು ಹಲಗೆ ಹೊರಕ್ಕೆ ಉಬ್ಬದಂತೆ ತಡೆಯುತ್ತದೆ, ಇಲಿಗಳನ್ನೂ ತಡೆಯುತ್ತದೆ. ಒಳಬದಿಯಲ್ಲಿ ಉಳಿದ 50 ಮಿ.ಮೀ. ವಿದ್ಯುತ್ ಕೊಳವೆಗಳಿಗೆ. ಪಾಲಿಥೀನ್ ಎಲ್ಲಿಯೂ ಇಲ್ಲ. ಪ್ಲೈವುಡ್ ಬದಲು ಸಿಮೆಂಟ್ ಬೋರ್ಡ್, ಅದಕ್ಕೆ ಪ್ಲಾಸ್ಟಿಕ್ ಪೇಂಟ್ ಬದಲು ಸುಣ್ಣ. ಪಂಚಾಂಗದ ಕಲ್ಲಿಗೂ ತಳಪಟ್ಟಿಗೂ ನಡುವೆ, ಎರಡು ಬದಿ ಹೊರಚಾಚಿ ಕೆಳಕ್ಕೆ ಬಾಗಿದ ತಗಡಿನ ಪಟ್ಟಿ. ಗೆದ್ದಲು ಹತ್ತಬೇಕಾದರೆ ಅದನ್ನು ಸುತ್ತಿ ಹೊರಗೆ ಕಾಣುವಂತೆ ಮಣ್ಣಿನ ನಾಳ ಕಟ್ಟಲೇಬೇಕು. ಬಚ್ಚಲನ್ನು ಮಾತ್ರ ಮರದಲ್ಲಿ ಕಟ್ಟಲಿಲ್ಲ, ಮೂರು ಗೋಡೆಯನ್ನೂ ಸ್ಥಳದಲ್ಲೇ ಒತ್ತಿದ ಮಣ್ಣಿನ ಇಟ್ಟಿಗೆಯಿಂದ ಎಬ್ಬಿಸಿದೆವು.

ನಂತರದ ಎರಡು ಮಳೆಗಾಲ

ಮೊದಲ ವರ್ಷ ಪಶ್ಚಿಮದ ಗೋಡೆಯ ತಳಪಟ್ಟಿಯಲ್ಲಿ ಕಂಡ ಗರಿಷ್ಠ ತೇವಾಂಶ ಶೇ. 20, ಅದೂ ಜುಲೈ ಕೊನೆಗೆ. ಡಿಸೆಂಬರಿನ ಹೊತ್ತಿಗೆ 13. ಮುಗ್ಗಲು ವಾಸನೆ ಬರಲಿಲ್ಲ, ಯಜಮಾನರು ಎರಡೂ ಮಳೆಗಾಲ ಅದೇ ಪಶ್ಚಿಮದ ಕೋಣೆಯಲ್ಲಿ ಮಲಗಿದರು. ಎರಡನೆಯ ವರ್ಷ ವಾಯವ್ಯ ಮೂಲೆಯ ಕಿಟಕಿಯ ಕೆಳಗೆ ಒಮ್ಮೆಲೇ 24 ಕಂಡಿತು. ಬಿಚ್ಚಿ ನೋಡಿದಾಗ ಕಿಟಕಿಯ ಕೆಳಗಿನ ತಗಡನ್ನು ಹಾಳೆಯ ಮೇಲೆ ಹೊದಿಸುವ ಬದಲು ಹಾಳೆಯ ಹಿಂದಕ್ಕೆ ಸೇರಿಸಿದ್ದು ಗೊತ್ತಾಯಿತು. ಸರಿಪಡಿಸಿದ ಎರಡು ವಾರದಲ್ಲಿ, ಮಳೆ ನಿಲ್ಲದಿದ್ದರೂ, 19ಕ್ಕೆ ಇಳಿಯಿತು. ಹಳೆಯ ಗೋಡೆಯಲ್ಲಿ ಇಂಥದ್ದೇ ತಪ್ಪು ತಳಪಟ್ಟಿಯನ್ನೇ ತಿಂದುಹಾಕಿತ್ತು.

ಪೂರ್ತಿ ಬಗೆಹರಿಯದ ವಿಷಯವೊಂದಿದೆ. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಈ ಮನೆ, ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಿಂತ ಹೆಚ್ಚು ಬೆಚ್ಚಗಿರುತ್ತದೆ. ಹಗುರವಾದ ಗೋಡೆ ಶಾಖವನ್ನು ತಡೆಯುತ್ತದೆಯೇ ಹೊರತು, ಮಣ್ಣಿನ ಗೋಡೆಯಂತೆ ರಾತ್ರಿಯ ತಂಪನ್ನು ಹಗಲಿಗೆ ಕೂಡಿಡುವುದಿಲ್ಲ. ಬಚ್ಚಲಿನ ಮಣ್ಣಿಟ್ಟಿಗೆ ಗೋಡೆಗೆ ಒತ್ತಿಕೊಂಡ ಕೋಣೆ ಉಳಿದವುಗಳಿಗಿಂತ ತಂಪಾಗಿರುವುದನ್ನು ಗಮನಿಸಿ, ನಡುಮನೆಯ ಒಂದು ಒಳಗೋಡೆಯನ್ನು ಅದೇ ಇಟ್ಟಿಗೆಯಲ್ಲಿ ಕಟ್ಟಲು ಈಗ ಸಿದ್ಧತೆ ನಡೆದಿದೆ. ಇದನ್ನು ಮೊದಲ ನಕ್ಷೆಯಲ್ಲೇ ಸೇರಿಸಬೇಕಿತ್ತು. ಮುಂದೆ ಇಂಥ ಮನೆ ಕಟ್ಟುವವರು ಕನಿಷ್ಠ ಒಂದು ಭಾರದ ಒಳಗೋಡೆಯನ್ನು ಪಾಯ ಹಾಕುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಪಶ್ಚಿಮದ ಗೋಡೆಯ ನೈಋತ್ಯ ಮೂಲೆಯಲ್ಲಿ, ನೆಲಕ್ಕೆ ತಾಗಿದ ಒಂದೂವರೆ ಅಡಿಯ ಒಳಬೋರ್ಡಿಗೆ ನಾಲ್ಕು ಹಿತ್ತಾಳೆ ತಿರುಪುಗಳು ಮಾತ್ರ ಇವೆ. ಅದರ ಕೂಡುಗಳಿಗೆ ಲಪ್ಪ ಮೆತ್ತಿಲ್ಲ, ಸುಣ್ಣ ಬಳಿಯುವಾಗಲೂ ಅಂಚು ಬಿಟ್ಟಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಮಗಳು ಅದನ್ನು ಬಿಚ್ಚಿ ತಳಪಟ್ಟಿಗೆ ಸೂಜಿ ಚುಚ್ಚುತ್ತಾರೆ, ಯಜಮಾನರು ಮಳೆಯ ಪುಸ್ತಕದ ಬಲಬದಿಯ ಅಂಚಿನಲ್ಲಿ ಸಂಖ್ಯೆ ಬರೆದುಕೊಳ್ಳುತ್ತಾರೆ.